ತನ್ನ ಕಥೆಗೆ ತಾನೇ ಸಾಕ್ಷಿ: ಕ್ಯಾಪ್ಟನ್ ಜಾನ್ ಸ್ಮಿತ್

ಭಾಗ 1/10 – ಸಿನಿಮಾದವನು

ಡಿಸ್ನಿಯ 'ಪೊಕಹಾಂಟಸ್' ಸಿನಿಮಾ ನಮ್ಮಲ್ಲಿ ತುಂಬಾ ಜನ ಚಿಕ್ಕವರಿದ್ದಾಗ ನೋಡಿರ್ತೀವಿ. 1995ರದ್ದು. ಹೊಂಬಣ್ಣದ ಕೂದಲಿನ ಇಂಗ್ಲಿಷ್ ಹೀರೋ ಅಮೆರಿಕದ ಕಾಡಿಗೆ ಬರ್ತಾನೆ. ಅಲ್ಲಿನ ಮುಖಂಡ ಅವನ ತಲೆ ಒಡೆಯೋಕೆ ದೊಣ್ಣೆ ಎತ್ತಿದಾಗ, ಮುಖಂಡನ ಮಗಳು ಓಡಿಬಂದು ಅಡ್ಡ ಬಿದ್ದು ಅವನನ್ನ ಉಳಿಸ್ತಾಳೆ. ಲವ್ ಸ್ಟೋರಿ, ಹಾಡು, ಎಲ್ಲಾ ಇದೆ.

ಆ ಹೀರೋ ನಿಜವಾಗಿ ಬದುಕಿದ್ದ ಮನುಷ್ಯ. ಹೆಸರು ಜಾನ್ ಸ್ಮಿತ್. ಇಂಗ್ಲಿಷರು ಅಮೆರಿಕದಲ್ಲಿ ಕಟ್ಟಿ ಉಳಿಸಿಕೊಂಡ ಮೊದಲ ವಸಾಹತು ಜೇಮ್ಸ್‌ಟೌನ್. ಅದರ ಮುಖ್ಯ ನಾಯಕರಲ್ಲಿ ಇವನೂ ಒಬ್ಬ. ಆ ಘಟನೆ ನಡೀತು ಅಂತ ಹೇಳೋ ಕಾಲಕ್ಕೆ ಅವನಿಗೆ 27 ವರ್ಷ ದಾಟಿತ್ತು. ಪೊಕಹಾಂಟಸ್‌ಗೆ ಸುಮಾರು ಹನ್ನೊಂದು. ಅಂದ್ರೆ ನಮ್ಮ ಲೆಕ್ಕದಲ್ಲಿ ಐದನೇ, ಆರನೇ ಕ್ಲಾಸಿನ ಹುಡುಗಿ. ಲವ್ ಸ್ಟೋರಿ ಅಲ್ಲಿಗೇ ಮುಗೀತು.

ಆದ್ರೆ ಇದಕ್ಕಿಂತ ದೊಡ್ಡ ಪ್ರಶ್ನೆ ಬೇರೆ ಇದೆ. ಹುಡುಗಿ ಕಾಪಾಡಿದಳು ಅನ್ನೋದನ್ನ ನಮಗೆ ಹೇಳಿದವರು ಯಾರು? ಸ್ವತಃ ಜಾನ್ ಸ್ಮಿತ್, ಅವನೊಬ್ಬನೇ. ಅಲ್ಲಿದ್ದ ಬೇರೆ ಯಾರೂ ಅದನ್ನ ಬರೆದಿಟ್ಟಿಲ್ಲ. ಅವನು ಕೂಡ ಘಟನೆ ಆದ ಕೆಲವೇ ತಿಂಗಳಲ್ಲಿ ಬರೆದಾಗ ಅದನ್ನ ಹೇಳಿಲ್ಲ. ಪೂರ್ತಿ ಕಥೆ ಅಚ್ಚಾಗಿದ್ದು ಸುಮಾರು 17 ವರ್ಷ ಆದ ಮೇಲೆ.

ಹಾಗಂತ ಅವನನ್ನ ಬರೀ ಸುಳ್ಳುಗಾರ ಅಂತ ಪಕ್ಕಕ್ಕಿಡೋಕೂ ಆಗಲ್ಲ. ಇದೇ ಮನುಷ್ಯ ಮಾಡಿದ ಒಂದು ಮ್ಯಾಪ್ ಎಷ್ಟು ಪ್ರಾಮಾಣಿಕವಾಗಿದೆ ಅಂದ್ರೆ, ನಾನೂರು ವರ್ಷ ಆದ ಮೇಲೂ ಜನ ಅದನ್ನ ಇಟ್ಟುಕೊಂಡು ಕೆಲಸ ಮಾಡ್ತಾರೆ.

ಒಬ್ಬನೇ ಮನುಷ್ಯ. ಒಂದು ಕಡೆ ನಂಬಬಹುದು, ಇನ್ನೊಂದು ಕಡೆ ನಂಬೋಕೆ ಭಯ. ಇಂಥವನನ್ನ ಓದೋದು ಹೇಗೆ? ಈ ಸರಣಿ ಅದರ ಬಗ್ಗೆ.

ಭಾಗ 2/10 – ರೈತನ ಮಗ, ಮೂರು ತಲೆ

ಇಂಗ್ಲೆಂಡಿನ ಪೂರ್ವ ಭಾಗದಲ್ಲಿ ಲಿಂಕನ್‌ಶೈರ್ ಅಂತ ಒಂದು ಕೌಂಟಿ. ಅಲ್ಲಿನ ವಿಲ್ಲೋಬಿ ಅನ್ನೋ ಹಳ್ಳಿಯ ಚರ್ಚಿನಲ್ಲಿ 1580ರ ಜನವರಿಯಲ್ಲಿ ಸ್ಮಿತ್‌ಗೆ ನಾಮಕರಣ ಆಯ್ತು. ಅಪ್ಪ ಜಾರ್ಜ್ ಸಾಧಾರಣ ರೈತ. ಜಮೀನ್ದಾರರ ಮನೆತನ ಅಲ್ಲ, ದೊಡ್ಡ ಓದೂ ಇಲ್ಲ. ಹದಿನೈದರ ಹೊತ್ತಿಗೆ ಹುಡುಗನನ್ನ ಕಿಂಗ್ಸ್ ಲಿನ್ ಬಂದರಿನ ಒಬ್ಬ ವ್ಯಾಪಾರಿಯ ಹತ್ತಿರ ಕೆಲಸ ಕಲಿಯೋಕೆ ಬಿಟ್ಟರು. ಅವನಿಗೆ ಅದು ಹಿಡಿಸಲಿಲ್ಲ. 1596ರಲ್ಲಿ ಅಪ್ಪ ತೀರಿಕೊಂಡರು. ಆಮೇಲೆ ಹುಡುಗ ಯುದ್ಧದ ಕಡೆ ಹೊರಟ.

ಆ ಕಾಲದ ಇಂಗ್ಲೆಂಡಿನಲ್ಲಿ ಹುಟ್ಟಿದ ಮನೆಯೇ ನಿಮ್ಮ ಜಾಗ ತೀರ್ಮಾನ ಮಾಡ್ತಿತ್ತು. ರೈತನ ಮಗನಿಗೆ ಮೇಲೇರೋಕೆ ಇದ್ದ ಕೆಲವೇ ದಾರಿಗಳಲ್ಲಿ ಕತ್ತಿ ಒಂದು. ಸ್ಮಿತ್ ನೆದರ್‌ಲೆಂಡ್ಸ್‌ನಲ್ಲಿ ಹೋರಾಡಿದ. ಆಮೇಲೆ ಹಂಗೇರಿ, ಟ್ರಾನ್ಸಿಲ್ವೇನಿಯಾ ಕಡೆ ಹೋಗಿ ಆಟೋಮನ್ ತುರ್ಕರ ವಿರುದ್ಧ ಹೋರಾಡೋ ಸೈನ್ಯ ಸೇರಿದ. ಅಲ್ಲಿ ಒಂದರ ಹಿಂದೆ ಒಂದು ಮೂರು ದ್ವಂದ್ವಯುದ್ಧ ಗೆದ್ದು ಮೂವರು ತುರ್ಕರ ತಲೆ ಕತ್ತರಿಸಿದೆ, ಅದಕ್ಕೆ ಅಲ್ಲಿನ ರಾಜ ನನಗೆ ಮೂರು ತಲೆ ಇರೋ ಲಾಂಛನ ಕೊಟ್ಟ ಅಂತ ಅವನು ಬರೀತಾನೆ.

1602ರಲ್ಲಿ ಗಾಯಗೊಂಡು ಸೆರೆ ಸಿಕ್ಕ. ಗುಲಾಮರ ಸಂತೆಯಲ್ಲಿ ಅವನನ್ನ ಮಾರಿದರು. ಕಾನ್‌ಸ್ಟಾಂಟಿನೋಪಲ್‌ನ ಒಬ್ಬ ಹೆಂಗಸಿನ ಮನೆ ಸೇರಿದ. ಅವಳ ಹೆಸರನ್ನ ಅವನು ಚರಾಟ್ಸಾ ಟ್ರಾಗಾಬಿಗ್ಜಾಂಡಾ ಅಂತ ಬರೆದಿದ್ದಾನೆ. ಅವಳು ಕನಿಕರ ತೋರಿಸಿ ತನ್ನ ತಮ್ಮನ ಹತ್ತಿರ ಕಳಿಸಿದಳಂತೆ. ಆ ತಮ್ಮ ಕತ್ತಿಗೆ ಕಬ್ಬಿಣದ ಪಟ್ಟಿ ಹಾಕಿ ಪ್ರಾಣಿ ಥರ ದುಡಿಸಿದ. ಒಂದು ದಿನ ಸ್ಮಿತ್ ಕಾಳು ಬಡಿಯೋ ಕೋಲಿನಿಂದ ಅವನನ್ನೇ ಬಡಿದು ಕೊಂದು, ಅವನ ಬಟ್ಟೆ ಹಾಕಿಕೊಂಡು, ಅವನ ಕುದುರೆ ಹತ್ತಿ ರಷ್ಯಾ ಕಡೆಯಿಂದ ತಪ್ಪಿಸಿಕೊಂಡ.

ಈ ಭಾಗಕ್ಕೂ ಮೂಲ ಅವನದೇ ಪುಸ್ತಕ, 1630ರದ್ದು. ಸಾಯೋ ಒಂದು ವರ್ಷ ಮುಂಚೆ. 19ನೇ ಶತಮಾನದಲ್ಲಿ ಕೆಲವರು ಇದೆಲ್ಲಾ ಪೂರ್ತಿ ಬುರುಡೆ ಅಂದ್ರು. 20ನೇ ಶತಮಾನದಲ್ಲಿ ಹಂಗೇರಿಯ ಇತಿಹಾಸ ಬಲ್ಲವರು ಊರು, ಸೇನಾಧಿಪತಿ, ಕದನಗಳನ್ನ ಹೋಲಿಸಿ ನೋಡಿದಾಗ ಎಷ್ಟೋ ವಿವರ ತಾಳೆಯಾಯ್ತು. ಅಂದ್ರೆ ಅವನು ಆ ಕಡೆ ಹೋಗಿದ್ದ ಅನ್ನೋದನ್ನ ನಂಬಬಹುದು. ಮೂರು ತಲೆ ಕತ್ತರಿಸಿದ್ದು? ಅದಕ್ಕೆ ಅವನ ಮಾತೇ ಆಧಾರ.

ಭಾಗ 3/10 – ಕಂಪನಿ, ಹಡಗು, ಬಂಧನ

1606ರ ಏಪ್ರಿಲ್‌ನಲ್ಲಿ ರಾಜ ಒಂದನೇ ಜೇಮ್ಸ್ ವರ್ಜೀನಿಯಾ ಕಂಪನಿಗೆ ಸನ್ನದು ಕೊಟ್ಟ. ಕಂಪನಿ ಅಂದ್ರೆ ಲಾಭಕ್ಕಾಗಿ ದುಡ್ಡು ಹಾಕಿದ ಷೇರುದಾರರು. ಅವರ ಆಸೆ ಚಿನ್ನ, ಮತ್ತೆ ಏಷ್ಯಾಕ್ಕೆ ಹೋಗೋ ಹತ್ತಿರದ ಸಮುದ್ರದಾರಿ.

ಇಲ್ಲಿ ನಮಗೆ ಗೊತ್ತಿರೋ ಒಂದು ಹೆಸರಿನ ಪಕ್ಕ ಹಾದು ಹೋಗ್ತೀವಿ. 1600ರ ಕೊನೇ ದಿನ ಸನ್ನದು ಪಡೆದ ಈಸ್ಟ್ ಇಂಡಿಯಾ ಕಂಪನಿಯ ಮೊದಲ ಗವರ್ನರ್ ಸರ್ ಥಾಮಸ್ ಸ್ಮಿಥ್. ವರ್ಜೀನಿಯಾ ಕಂಪನಿಯನ್ನ ಎಷ್ಟೋ ವರ್ಷ ನಡೆಸಿದವನೂ ಅವನೇ. (ನಮ್ಮ ಜಾನ್‌ಗೆ ನೆಂಟ ಅಲ್ಲ.) ನಾವು ಎರಡು ಬೇರೆ ಬೇರೆ ಪಾಠವಾಗಿ ಓದೋ ವಿಷಯಕ್ಕೆ ಲಂಡನ್ನಿನಲ್ಲಿ ಯಜಮಾನ ಒಬ್ಬನೇ.

1606ರ ಡಿಸೆಂಬರ್ 20. ಸೂಸನ್ ಕಾನ್‌ಸ್ಟಂಟ್, ಗಾಡ್‌ಸ್ಪೀಡ್, ಡಿಸ್ಕವರಿ ಅನ್ನೋ ಮೂರು ಹಡಗು ಲಂಡನ್ನಿಂದ ಹೊರಟವು. ನೆಲೆಸೋಕೆ ಅಂತ ಹೋದವರು ಸುಮಾರು 104 ಗಂಡಸರು, ಹುಡುಗರು. ಅದರಲ್ಲಿ ತುಂಬಾ ಜನ ತಮ್ಮನ್ನ 'ಜಂಟಲ್‌ಮನ್' ಅಂತ ಕರ್ಕೊಳ್ಳೋರು. ಅಂದ್ರೆ ಕೈಕೆಸರು ಮಾಡ್ಕೊಂಡು ಅಭ್ಯಾಸ ಇಲ್ಲದವರು. ಅವರ ನಡುವೆ ಬಾಯಿ ಜೋರಿನ ಈ ರೈತನ ಮಗ. ದಾರಿಯಲ್ಲೇ ಜಗಳ ಹತ್ತಿತು. ದಂಗೆ ಎಬ್ಬಿಸ್ತಿದ್ದಾನೆ ಅಂತ ಅವನನ್ನ ಬಂಧಿಸಿದರು. ವೆಸ್ಟ್ ಇಂಡೀಸ್‌ನ ನೆವಿಸ್ ದ್ವೀಪದಲ್ಲಿ ನನಗಾಗಿ ನೇಣುಗಂಬವನ್ನೂ ನಿಲ್ಲಿಸಿದ್ರು ಅಂತ ಅವನು ಆಮೇಲೆ ಬರೆದ.

1607ರ ಏಪ್ರಿಲ್ ಕೊನೆಗೆ ಚೆಸಪೀಕ್ ಕೊಲ್ಲಿ ಮುಟ್ಟಿದ ರಾತ್ರಿ, ಕಂಪನಿ ಮೊಹರು ಹಾಕಿ ಕಳಿಸಿದ್ದ ಪೆಟ್ಟಿಗೆ ತೆರೆದರು. ವಸಾಹತನ್ನ ಆಳಬೇಕಾದ ಏಳು ಜನರ ಹೆಸರು ಅದರಲ್ಲಿತ್ತು. ಬಂಧನದಲ್ಲಿದ್ದ ಸ್ಮಿತ್ ಹೆಸರೂ ಇತ್ತು! ಆದ್ರೂ ಜೂನ್‌ವರೆಗೆ ಅವನನ್ನ ಕೂರಿಸಿಕೊಳ್ಳಲಿಲ್ಲ.

ಮೇ ತಿಂಗಳಲ್ಲಿ ಜೇಮ್ಸ್‌ಟೌನ್ ಶುರುವಾಯ್ತು. ಆರಿಸಿಕೊಂಡಿದ್ದು ಜೌಗು ನೆಲ. ಬೇಸಿಗೆಯಲ್ಲಿ ನದಿ ನೀರು ಉಪ್ಪಾಗ್ತಿತ್ತು. ಅದನ್ನೇ ಕುಡಿದರು. ಭೇದಿ, ಜ್ವರ, ಹಸಿವು. ಮುಂದಿನ ಜನವರಿಗೆ ಉಳಿದವರು 38 ಜನ.

ಭಾಗ 4/10 – 1607ರ ಡಿಸೆಂಬರ್

ಅವರು ಬಂದಿಳಿದಿದ್ದು ಖಾಲಿ ಜಾಗಕ್ಕಲ್ಲ. ಆ ನಾಡಿಗೆ ಅಲ್ಲಿನ ಜನ ಇಟ್ಟಿದ್ದ ಹೆಸರು ಟ್ಸೆನಾಕೊಮಾಕಾ. ಸುಮಾರು ಮೂವತ್ತು ಬುಡಕಟ್ಟುಗಳ ಮೇಲೆ ಒಬ್ಬ ಮಹಾಮುಖಂಡ. ಅವನ ಹೆಸರು ವಾಹುನ್ಸೆನಾಕಾ. ಇಂಗ್ಲಿಷರು ಅವನನ್ನ 'ಪೊವಾಟನ್' ಅಂತ ಕರೆದರು. ಹಳ್ಳಿಗಳಿದ್ದವು, ಮೆಕ್ಕೆಜೋಳದ ಹೊಲಗಳಿದ್ದವು, ಕಾಣಿಕೆ ವಸೂಲಿಯ ವ್ಯವಸ್ಥೆ ಇತ್ತು.

ಡಿಸೆಂಬರ್‌ನಲ್ಲಿ ಸ್ಮಿತ್ ಚಿಕಹಾಮಿನಿ ನದಿಯ ಮೇಲ್ಭಾಗ ನೋಡೋಕೆ ಹೋದ. ಜೊತೆಗಿದ್ದ ಇಂಗ್ಲಿಷರು ಸತ್ತರು. ದಾರಿ ತೋರಿಸೋಕೆ ಬಂದಿದ್ದ ಸ್ಥಳೀಯನನ್ನ ಸ್ಮಿತ್ ತನ್ನ ತೋಳಿಗೆ ಕಟ್ಟಿಕೊಂಡು ಗುರಾಣಿ ಮಾಡ್ಕೊಂಡ. ಹಿಂದೆ ಹಿಂದೆ ಸರಿತಾ ಕೆಸರಿನಲ್ಲಿ ಹೂತುಹೋದ, ಸಿಕ್ಕಿಬಿದ್ದ. ಹಿಡಿದವನು ಮಹಾಮುಖಂಡನ ಬಂಧು ಒಪೆಚಾಂಕನೋ. ಸ್ಮಿತ್ ಜೇಬಿನಿಂದ ದಿಕ್ಸೂಚಿ ತೆಗೆದು ತೋರಿಸಿದ. ಗಾಜಿನ ಒಳಗೆ ಮುಳ್ಳು ಆಡೋದು ಕಾಣತ್ತೆ, ಮುಟ್ಟೋಕೆ ಆಗಲ್ಲ. ಅದರಿಂದ ಸ್ವಲ್ಪ ಟೈಮ್ ಸಿಕ್ತು.

ಕೊನೆಗೆ ವೆರೊವೊಕೊಮೊಕೊ ಅನ್ನೋ ರಾಜಧಾನಿಗೆ ಕರೆದುಕೊಂಡು ಹೋದ್ರು. ಅಲ್ಲಿ ಏನಾಯ್ತು?

1608ರಲ್ಲಿ ಅಚ್ಚಾದ ಸ್ಮಿತ್‌ನ ಮೊದಲ ಬರಹದ ಪ್ರಕಾರ: ವಾಹುನ್ಸೆನಾಕಾ ಚೆನ್ನಾಗಿ ಊಟ ಹಾಕಿದ. ನೀವು ಯಾಕೆ ಬಂದಿರಿ ಅಂತ ಕೇಳಿದ. ಸ್ಪೇನಿನವರ ಜೊತೆ ಹೊಡೆದಾಡಿ, ಬಿರುಗಾಳಿಗೆ ಸಿಕ್ಕಿ ಇಲ್ಲಿ ಬಂದ್ವಿ, ಹಡಗು ಸೋರ್ತಿದೆ, ಬೇಗ ಹೋಗ್ತೀವಿ ಅಂತ ಸ್ಮಿತ್ ಸುಳ್ಳು ಹೇಳಿದ. ತಾನು ಸುಳ್ಳು ಹೇಳಿದ್ದನ್ನ ತಾನೇ ಬರೆದಿದ್ದಾನೆ. ಆಗ ಮಹಾಮುಖಂಡ ಒಂದು ಪ್ರಸ್ತಾಪ ಇಟ್ಟ: ನೀವು ನಮ್ಮ ಹತ್ತಿರದ ಜಾಗಕ್ಕೆ ಬನ್ನಿ, ನಾವು ಜೋಳ, ಮಾಂಸ ಕೊಡ್ತೀವಿ, ನೀವು ನಮಗೆ ಕೊಡಲಿ, ತಾಮ್ರದ ಸಾಮಾನು ಮಾಡಿಕೊಡಿ.

ಇದನ್ನ ಅವನ ಕಡೆಯಿಂದ ನೋಡಿ. ಮೂವತ್ತು ಬುಡಕಟ್ಟು ಆಳೋನಿಗೆ ಹಸಿದ ಕೆಲವು ಡಜನ್ ಇಂಗ್ಲಿಷರು ಅಂದ್ರೆ ಮೂವತ್ತೊಂದನೇ ಅಧೀನ ಹಳ್ಳಿ ಅಷ್ಟೇ. ಅವರನ್ನ ಕೊಲ್ಲೋದಕ್ಕಿಂತ ಇಟ್ಟುಕೊಳ್ಳೋದು ಲಾಭ.

ಈ ಬರಹದಲ್ಲಿ ದೊಣ್ಣೆ ಇಲ್ಲ, ಅಡ್ಡ ಬಿದ್ದ ಹುಡುಗಿ ಇಲ್ಲ. ಪೊಕಹಾಂಟಸ್ ಬರ್ತಾಳೆ, ಆದ್ರೆ ಆಮೇಲೆ. ಕೆಲವು ತಿಂಗಳ ನಂತರ ಅಪ್ಪನ ಪರವಾಗಿ ಸೆರೆಯಾಳುಗಳನ್ನ ಬಿಡಿಸೋಕೆ ಜೇಮ್ಸ್‌ಟೌನಿಗೆ ಬಂದ ಹತ್ತು ವರ್ಷದ ಜಾಣ ಮಗುವಾಗಿ.

ಭಾಗ 5/10 – ದೋಣಿ ಮತ್ತು ಶಿಲುಬೆ ಗುರುತು

ಈಗ ಅವನ ನಿಜವಾದ ಸಾಧನೆಗೆ ಬರೋಣ.

1608ರ ಜೂನ್ 2. ಮೇಲ್ಛಾವಣಿ ಇಲ್ಲದ ಒಂದು ದೋಣಿ, ಜೊತೆಗೆ 14 ಜನ. ಸ್ಮಿತ್ ಚೆಸಪೀಕ್ ಕೊಲ್ಲಿ ಪೂರ್ತಿ ನೋಡೋಕೆ ಹೊರಟ. ಜುಲೈನಲ್ಲಿ ವಾಪಸ್ ಬಂದು, ಮೂರೇ ದಿನದಲ್ಲಿ 12 ಜನರ ಜೊತೆ ಮತ್ತೆ ಹೊರಟು ಸೆಪ್ಟೆಂಬರ್ 7ಕ್ಕೆ ಮರಳಿದ. ಅದೇ ಆಗಸ್ಟ್‌ನಲ್ಲಿ ಇತ್ತ ಈಸ್ಟ್ ಇಂಡಿಯಾ ಕಂಪನಿಯ ವಿಲಿಯಂ ಹಾಕಿನ್ಸ್ ಸೂರತ್‌ನಲ್ಲಿ ಇಳಿದಿದ್ದ.

ರಪಹಾನಕ್ ನದಿ ಸಮುದ್ರ ಸೇರೋ ಜಾಗದಲ್ಲಿ, ತಗ್ಗು ನೀರಲ್ಲಿ ಸ್ಮಿತ್ ಕತ್ತಿಯಿಂದ ಮೀನು ಚುಚ್ಚಿ ಹಿಡೀತಿದ್ದ. ಒಂದು ತೊರಕೆ ಮೀನು ಬಾಲದ ಮುಳ್ಳನ್ನ ಅವನ ಕೈಗೆ ಇಳಿಸಿತು. ತೋಳು, ಹೆಗಲು ಎಲ್ಲಾ ಊದಿಕೊಂಡ್ತು. ಸಾಯ್ತಾನೆ ಅಂತ ಸಮಾಧಿ ಕೂಡ ತೋಡಿದರು. ಸಂಜೆಗೆ ನೋವು ಇಳೀತು, ಅದೇ ಮೀನನ್ನ ಬೇಯಿಸಿ ತಿಂದ. ಇಂಗ್ಲಿಷಿನಲ್ಲಿ ಆ ಮೀನಿನ ಹೆಸರು ಸ್ಟಿಂಗ್‌ರೇ. ಆ ಜಾಗಕ್ಕೆ ಇವತ್ತಿಗೂ ಸ್ಟಿಂಗ್‌ರೇ ಪಾಯಿಂಟ್ ಅಂತಲೇ ಹೆಸರು.

ಈ ಪ್ರಯಾಣಗಳಿಂದ ಒಂದು ಮ್ಯಾಪ್ ಆಯ್ತು, 1612ರಲ್ಲಿ ಪ್ರಕಟವಾಯ್ತು. ನೋಡಿದ ತಕ್ಷಣ ಗೊಂದಲ ಆಗತ್ತೆ, ಯಾಕಂದ್ರೆ ಅದರಲ್ಲಿ ಮೇಲ್ಗಡೆ ಇರೋದು ಉತ್ತರ ಅಲ್ಲ, ಪಶ್ಚಿಮ. ಹಡಗಲ್ಲಿ ಬರೋನ ಕಣ್ಣಿಗೆ ಕಾಣೋ ಹಾಗೆ. ಸುಮಾರು 200 ಸ್ಥಳೀಯ ಹಳ್ಳಿಗಳ ಹೆಸರು ಅದರಲ್ಲಿದೆ.

ನನಗೆ ತುಂಬಾ ಇಷ್ಟ ಆಗಿದ್ದು ಇದು: ನದಿಗಳ ಮೇಲೆ ಅಲ್ಲಲ್ಲಿ ಪುಟ್ಟ ಶಿಲುಬೆ ಗುರುತು ಹಾಕಿದ್ದಾನೆ. ಅದರ ಅರ್ಥವನ್ನ ಮ್ಯಾಪಿನಲ್ಲೇ ಕೊಟ್ಟಿದ್ದಾನೆ. ಈ ಗುರುತಿನ ತನಕ ನಾವೇ ಕಣ್ಣಾರೆ ನೋಡಿದ್ದು, ಅದರಾಚೆಗಿರೋದು ಸ್ಥಳೀಯರು ಹೇಳಿದ್ದು.

ಯೋಚನೆ ಮಾಡಿ, ಎಷ್ಟು ದೊಡ್ಡ ಮಾತು ಇದು! 'ಎಲ್ಲಾ ನಾನೇ ನೋಡಿದೆ' ಅಂದುಬಿಡಬಹುದಿತ್ತು. ಲಂಡನ್ನಿನಲ್ಲಿ ಕೂತು ಚೆಕ್ ಮಾಡೋರು ಯಾರೂ ಇರಲಿಲ್ಲ. ಆದ್ರೂ ತನಗೆ ಗೊತ್ತಿರೋದು ಎಲ್ಲಿಗೆ ನಿಲ್ಲತ್ತೆ ಅಂತ ಗುರುತು ಹಾಕಿದ. ಆಚೆಗಿನ ಅರ್ಧ ಮ್ಯಾಪು ನೆಲದ ಮೇಲೆ ಗೆರೆ ಎಳೆದು, ಬಾಯಲ್ಲಿ ಹೇಳಿ ದಾರಿ ತಿಳಿಸಿದ ಜನರದ್ದು ಅಂತ ಒಪ್ಪಿಕೊಂಡ ಹಾಗೂ ಆಯ್ತು. ಅವರ ಹೆಸರು ಮಾತ್ರ ಮ್ಯಾಪಿನ ಮೇಲಿಲ್ಲ.

ಭಾಗ 6/10 – ಜೋಳದ ಲೆಕ್ಕ

ಮ್ಯಾಪ್ ಮಾಡಿ ಬಂದ ಮೂರೇ ದಿನಕ್ಕೆ, ಸೆಪ್ಟೆಂಬರ್ 10ಕ್ಕೆ, ಸ್ಮಿತ್ ವಸಾಹತಿನ ಅಧ್ಯಕ್ಷ ಆದ. ದುಡಿಯದವನಿಗೆ ಊಟ ಇಲ್ಲ ಅಂತ ನಿಯಮ ಮಾಡಿದ. ಬೈಬಲ್ಲಿನಿಂದ ಎತ್ತಿಕೊಂಡ ಮಾತು. ಜಂಟಲ್‌ಮನ್‌ಗಳ ಕೈಗೂ ಕೊಡಲಿ ಬಂತು. ಆ ಚಳಿಗಾಲದಲ್ಲಿ ಸಾವು ತುಂಬಾ ಕಡಿಮೆ ಆಯ್ತು. ಇಷ್ಟನ್ನ ಅವನ ಅಭಿಮಾನಿಗಳು ಯಾವಾಗಲೂ ಹೇಳ್ತಾರೆ.

ಆದ್ರೆ ಊಟ ಎಲ್ಲಿಂದ ಬಂತು? ಇಂಗ್ಲಿಷರ ಹೊಲ ಇನ್ನೂ ಸಣ್ಣದು, ಶೇಖರಿಸಿಟ್ಟ ಧಾನ್ಯವನ್ನೂ ಹಡಗಿನ ಜೊತೆ ಬಂದ ಇಲಿಗಳು ತಿಂದವು. ಹೊಟ್ಟೆ ತುಂಬಿದ್ದು ಬಹುಪಾಲು ಸ್ಥಳೀಯರ ಮೆಕ್ಕೆಜೋಳದಿಂದ. ಮೊದಲು ಮಣಿ, ತಾಮ್ರ ಕೊಟ್ಟು ತಂದರು. ಕೊಡಲ್ಲ ಅಂದಾಗ ಬಂದೂಕು ತೋರಿಸಿ ತಂದರು.

ಯಾಕೆ ಕೊಡಲ್ಲ ಅಂದ್ರು? ದುರಾಸೆಗಲ್ಲ. 1998ರಲ್ಲಿ ವಿಜ್ಞಾನಿಗಳು ಆ ಪ್ರದೇಶದ ಹಳೇ ಸೈಪ್ರಸ್ ಮರಗಳ ಬೆಳವಣಿಗೆಯ ಉಂಗುರ ಅಳೆದು ನೋಡಿದರು. ಮಳೆ ಚೆನ್ನಾಗಿದ್ದ ವರ್ಷ ಉಂಗುರ ದಪ್ಪ, ಬರದ ವರ್ಷ ತೆಳು. 1606ರಿಂದ 1612ರವರೆಗಿನ ಏಳು ವರ್ಷ 770 ವರ್ಷಗಳಲ್ಲೇ ಅತಿ ಭೀಕರವಾದ ಬರ ಅಂತ ಗೊತ್ತಾಯ್ತು. ಮಳೆ ನಂಬಿ ಬೆಳೆ ಇಡೋ ಮನೆಯಲ್ಲಿ ಹುಟ್ಟಿದ ಯಾರಿಗಾದರೂ ಇದು ವಿವರಿಸಬೇಕಾಗಿಲ್ಲ. ಆ ಜೋಳ ಮಕ್ಕಳ ಊಟ, ಮುಂದಿನ ವರ್ಷದ ಬಿತ್ತನೆ ಬೀಜ.

1609ರ ಜನವರಿಯಲ್ಲಿ ಸ್ಮಿತ್ ಒಪೆಚಾಂಕನೋನ ಊರಿಗೆ ಹೋಗಿ, ಅವನ ಜನರ ಎದುರಿಗೇ ಅವನ ಜುಟ್ಟು ಹಿಡಿದು, ಎದೆಗೆ ಪಿಸ್ತೂಲು ಇಟ್ಟು ಜೋಳ ಕೇಳಿದ. ಒಂದು ವರ್ಷದ ಹಿಂದೆ ಇವನ ಪ್ರಾಣ ತೆಗೆಯದೆ ಬಿಟ್ಟಿದ್ದವನು ಅವನೇ. ಈ ಘಟನೆಯನ್ನ ಸ್ಮಿತ್‌ನ ಪುಸ್ತಕ ಹೆಮ್ಮೆಯಿಂದ ಹೇಳತ್ತೆ.

ಮಧ್ಯದಲ್ಲಿ ಒಂದು ತಮಾಷೆಯೂ ನಡೀತು. 1608ರ ಶರತ್ಕಾಲದಲ್ಲಿ ಕಂಪನಿ ಲಂಡನ್ನಿಂದ ಒಂದು ಕಿರೀಟ ಕಳಿಸಿತು, ವಾಹುನ್ಸೆನಾಕಾನನ್ನ ಇಂಗ್ಲೆಂಡಿನ ಅಧೀನ ರಾಜನಾಗಿ ಮಾಡೋಕೆ. ಜೇಮ್ಸ್‌ಟೌನಿಗೆ ಬಾ ಅಂದ್ರೆ, ನಾನೂ ರಾಜ, ನೀವೇ ಬನ್ನಿ ಅಂದ. ಬಂದ ಮೇಲೆ ಮಂಡಿ ಊರು ಅಂದ್ರೆ ಊರಲಿಲ್ಲ. ಕೊನೆಗೆ ಹೆಗಲ ಮೇಲೆ ಭಾರ ಹಾಕಿ ಸ್ವಲ್ಪ ಬಗ್ಗಿಸಿ ಕಿರೀಟ ಇಟ್ಟರು. ಬದಲಿಗೆ ಅವನು ತನ್ನ ಹಳೇ ಚಪ್ಪಲಿ ಮತ್ತು ಹೊದಿಕೆ ಕೊಟ್ಟು ಕಳಿಸಿದ.

ಭಾಗ 7/10 – ಹಸಿವಿನ ಚಳಿಗಾಲ

1609ರ ಶರತ್ಕಾಲ. ದೋಣಿಯಲ್ಲಿ ಮಲಗಿದ್ದಾಗ ಸ್ಮಿತ್‌ನ ಸೊಂಟದ ಹತ್ತಿರ ಇದ್ದ ಮದ್ದಿನ ಚೀಲಕ್ಕೆ ಬೆಂಕಿ ತಗುಲಿತು. ತೊಡೆಯ ಮಾಂಸ ಸುಟ್ಟುಹೋಯ್ತು. ಉರಿ ತಾಳಲಾರದೆ ನದಿಗೆ ಹಾರಿದ, ಮುಳುಗೋ ಹಂತದಲ್ಲಿ ಎಳೆದು ತಂದರು. ಅಷ್ಟರಲ್ಲಿ ಹೊಸ ಹಡಗುಗಳಲ್ಲಿ ಬಂದ ಅವನ ಹಳೇ ವಿರೋಧಿಗಳು ಅಧಿಕಾರಕ್ಕೆ ಕಾಯ್ತಿದ್ರು. ಅಕ್ಟೋಬರ್‌ನಲ್ಲಿ ಇಂಗ್ಲೆಂಡಿಗೆ ವಾಪಸ್ ಹೊರಟ. ವರ್ಜೀನಿಯಾಕ್ಕೆ ಮತ್ತೆ ಕಾಲಿಡಲಿಲ್ಲ. ಜೇಮ್ಸ್‌ಟೌನಿನವರು ಪೊಕಹಾಂಟಸ್‌ಗೆ ಸ್ಮಿತ್ ಸತ್ತುಹೋದ ಅಂತ ಹೇಳಿದರು.

ಆಮೇಲೆ ಬಂದಿದ್ದನ್ನ ಇತಿಹಾಸ 'ಹಸಿವಿನ ಕಾಲ' ಅಂತ ಕರೆಯತ್ತೆ. ಬರ ಹಾಗೇ ಇತ್ತು. ವಾಹುನ್ಸೆನಾಕಾನ ಜನ ಕೋಟೆಗೆ ಮುತ್ತಿಗೆ ಹಾಕಿದರು. ಒಳಗಿದ್ದ ಮುನ್ನೂರರಷ್ಟು ಜನರಲ್ಲಿ 1610ರ ಮೇ ಹೊತ್ತಿಗೆ ಉಳಿದವರು ಸುಮಾರು 60. ನಾಯಿ, ಇಲಿ, ಚಪ್ಪಲಿಯ ಚರ್ಮ ಎಲ್ಲಾ ತಿಂದು ಮುಗಿಸಿದ ಮೇಲೆ ಮನುಷ್ಯರ ಹೆಣವನ್ನೂ ತಿಂದರು ಅಂತ ಆ ಕಾಲದವರು ಬರೆದಿಟ್ಟಿದ್ರು. ಇದು ಉತ್ಪ್ರೇಕ್ಷೆ ಇರಬಹುದು ಅಂತ ಕೆಲವರ ಅನುಮಾನ. 2012ರಲ್ಲಿ ಪುರಾತತ್ವದವರು ಕೋಟೆಯೊಳಗೆ ಅಗೆಯುವಾಗ ಸುಮಾರು 14 ವರ್ಷದ ಇಂಗ್ಲಿಷ್ ಹುಡುಗಿಯ ತಲೆಬುರುಡೆ, ಕಾಲಿನ ಮೂಳೆ ಸಿಕ್ತು. ಮೂಳೆಯ ಮೇಲೆ ಕತ್ತರಿಸಿದ ಗೆರೆಗಳು. ಅವಳು ಸತ್ತ ಮೇಲೆ ಆದ ಗುರುತುಗಳು. ಅವಳ ನಿಜ ಹೆಸರು ಗೊತ್ತಿಲ್ಲ, ಸಂಶೋಧಕರು 'ಜೇನ್' ಅಂತ ಕರೆದರು.

ನಾನಿದ್ದಿದ್ದರೆ ಹೀಗಾಗ್ತಿರಲಿಲ್ಲ ಅನ್ನೋದು ಸ್ಮಿತ್‌ನ ವಾದ. ಅರ್ಧ ನಿಜ ಇರಬಹುದು, ಅವನಷ್ಟು ಚೆನ್ನಾಗಿ ಸ್ಥಳೀಯರ ಜೊತೆ ಚೌಕಾಸಿ ಮಾಡೋರು ಅಲ್ಲಿರಲಿಲ್ಲ. ಆದ್ರೆ ಜುಟ್ಟು ಹಿಡಿದು ಜೋಳ ಕಿತ್ತುಕೊಂಡ ಮೇಲೆ ಮುತ್ತಿಗೆ ಬರದೆ ಇರತ್ತಾ? ಬರಗಾಲದಲ್ಲಿ ಬೇರೆಯವರ ಕಣಜದ ಮೇಲೆ ನಿಂತ ಊರು ಅದು. ಹೊಸದಾಗಿ ನೂರಾರು ಬಾಯಿ ಬಂದು ಇಳಿದಾಗ ಕುಸೀತು.

ಭಾಗ 8/10 – ಹೆಸರಿಡೋ ಅಧಿಕಾರ

1614ರಲ್ಲಿ ಸ್ಮಿತ್ ಎರಡು ಹಡಗಿನ ಜೊತೆ ಉತ್ತರದ ಕರಾವಳಿಗೆ ಹೋದ. ತಿಮಿಂಗಿಲ ಹಿಡಿಯೋ ಯೋಜನೆ ಕೈಕೊಟ್ಟಿತು. ಮೀನು, ತುಪ್ಪುಳು ಚರ್ಮದಲ್ಲಿ ಲಾಭ ಬಂತು. ಅವನು ಕರಾವಳಿಯ ಮ್ಯಾಪ್ ಮಾಡಿದ, ಆ ಪ್ರದೇಶಕ್ಕೆ 'ನ್ಯೂ ಇಂಗ್ಲೆಂಡ್' ಅಂತ ಹೆಸರಿಟ್ಟ. ಇವತ್ತಿಗೂ ಅದೇ ಹೆಸರು.

1616ರಲ್ಲಿ ಅದರ ಪುಸ್ತಕ ಬಂತು. ಅಚ್ಚಿಗೆ ಹೋಗೋ ಮುಂಚೆ ಸ್ಮಿತ್ ಮ್ಯಾಪನ್ನ ಹದಿಹರೆಯದ ರಾಜಕುಮಾರ ಚಾರ್ಲ್ಸ್ ಮುಂದಿಟ್ಟು, ಈ 'ಅನಾಗರಿಕ' ಹೆಸರುಗಳನ್ನ ತೆಗೆದು ಇಂಗ್ಲಿಷ್ ಹೆಸರು ಕೊಡಿ ಅಂತ ಬೇಡಿಕೊಂಡ. ರಾಜಕುಮಾರ ಕೊಟ್ಟ. ಅಕೊಮ್ಯಾಕ್ ಅಂತ ಇದ್ದ ಜಾಗ ಪ್ಲಿಮತ್ ಆಯ್ತು. ಒಂದು ನದಿಗೆ ತನ್ನದೇ ಹೆಸರಿಟ್ಟ, ಅದೇ ಬಾಸ್ಟನ್ ಪಕ್ಕದ ಚಾರ್ಲ್ಸ್ ನದಿ.

ಇದರಲ್ಲಿ ಸ್ಮಿತ್‌ಗೂ ಪೆಟ್ಟು ಬಿತ್ತು. ಒಂದು ಭೂಶಿರಕ್ಕೆ ಅವನು ತನ್ನ ಮೇಲೆ ಕನಿಕರ ತೋರಿದ ಟ್ರಾಗಾಬಿಗ್ಜಾಂಡಾಳ ಹೆಸರಿಟ್ಟಿದ್ದ, ಪಕ್ಕದ ಮೂರು ದ್ವೀಪಕ್ಕೆ 'ಮೂರು ತುರ್ಕರ ತಲೆ' ಅಂತ. ರಾಜಕುಮಾರ ಭೂಶಿರದ ಹೆಸರು ತೆಗೆದು ಅಮ್ಮನ ಹೆಸರು ಹಾಕಿದ, ಕೇಪ್ ಆ್ಯನ್. ಬೇರೆಯವರ ಹೆಸರು ಅಳಿಸೋಕೆ ಕೊಟ್ಟ ರಬ್ಬರು ಇವನದ್ದನ್ನೂ ಅಳಿಸಿತು.

ಹೆಸರಿಗಿಂತ ಕೆಟ್ಟದ್ದೂ ನಡೀತು. ಸ್ಮಿತ್ ಹೊರಟ ಮೇಲೆ ಇನ್ನೊಂದು ಹಡಗಿನ ಕ್ಯಾಪ್ಟನ್ ಥಾಮಸ್ ಹಂಟ್ ಇಪ್ಪತ್ತಕ್ಕೂ ಹೆಚ್ಚು ಸ್ಥಳೀಯರನ್ನ ಮೋಸದಿಂದ ಹಡಗು ಹತ್ತಿಸಿ, ಸ್ಪೇನಿನ ಮಾಲಗಾದಲ್ಲಿ ಗುಲಾಮರಾಗಿ ಮಾರೋಕೆ ಒಯ್ದ. ಅವರಲ್ಲಿ ಒಬ್ಬ ಟಿಸ್ಕ್ವಾಂಟಮ್. ಅವನು ಹೇಗೋ ಇಂಗ್ಲೆಂಡ್ ಸೇರಿ, 1619ರಲ್ಲಿ ಊರಿಗೆ ಬಂದಾಗ ಊರೇ ಇರಲಿಲ್ಲ. ಯುರೋಪಿನವರು ತಂದ ರೋಗಕ್ಕೆ ಎಲ್ಲರೂ ಸತ್ತಿದ್ದರು. ಹಂಟ್ ಮಾಡಿದ್ದನ್ನ ಸ್ಮಿತ್ ಖಂಡಿಸಿದ, ಆದ್ರೆ ಅವನ ದೊಡ್ಡ ಚಿಂತೆ ಇದರಿಂದ ಮುಂದಿನ ವ್ಯಾಪಾರ ಹಾಳಾಯ್ತು ಅನ್ನೋದು. ಗುಲಾಮರ ಸಂತೆಯಲ್ಲಿ ತಾನೇ ನಿಂತಿದ್ದವನು ಬರೆದ ಮಾತು ಇದು.

1620ರಲ್ಲಿ ಮೇಫ್ಲವರ್ ಹಡಗಿನವರು ಅದೇ ಕರಾವಳಿಗೆ ಹೊರಟಾಗ ಸ್ಮಿತ್ ತಾನೂ ಬರ್ತೀನಿ ಅಂದ. ಅವನ ಪುಸ್ತಕ, ಮ್ಯಾಪು ಇದ್ದರೆ ಸಾಕು ಅಂತ ಅವನನ್ನ ಬಿಟ್ಟು ಮೈಲ್ಸ್ ಸ್ಟ್ಯಾಂಡಿಶ್ ಅನ್ನೋನನ್ನ ಕರೆದುಕೊಂಡು ಹೋದರು.

ಭಾಗ 9/10 – ಹುಡುಗಿ ಹೇಳಿದ್ದು

ಪೊಕಹಾಂಟಸ್ ಅನ್ನೋದು ಅಡ್ಡಹೆಸರು. ಅವಳ ಹೆಸರುಗಳು ಅಮೊನುಟೆ, ಮತೊವಾಕಾ. 1613ರಲ್ಲಿ ಇಂಗ್ಲಿಷರು ಅವಳನ್ನ ಅಪಹರಿಸಿ ಒತ್ತೆ ಇಟ್ಟುಕೊಂಡರು. ಸೆರೆಯಲ್ಲಿದ್ದಾಗ ಮತಾಂತರ ಆಯ್ತು, ಹೊಸ ಹೆಸರು ರೆಬೆಕಾ. 1614ರಲ್ಲಿ ತಂಬಾಕು ಬೆಳೆಗಾರ ಜಾನ್ ರಾಲ್ಫ್ ಜೊತೆ ಮದುವೆ, ಆಮೇಲೆ ಒಂದು ಗಂಡುಮಗು. 1616ರಲ್ಲಿ ಕಂಪನಿ ಅವಳನ್ನ ಲಂಡನ್ನಿಗೆ ಕರೆಸಿತು. ಒಂಥರಾ ಪ್ರಚಾರಕ್ಕೆ.

ಲಂಡನ್ ಹತ್ತಿರದ ಬ್ರೆಂಟ್‌ಫರ್ಡ್‌ನಲ್ಲಿ ಸ್ಮಿತ್ ಅವಳನ್ನ ನೋಡೋಕೆ ಹೋದ. ಅವಳು ಮುಖ ತಿರುಗಿಸಿಕೊಂಡಳು. ಎರಡು ಮೂರು ಗಂಟೆ ಮಾತೇ ಆಡಲಿಲ್ಲ. ಆಮೇಲೆ ಮಾತಾಡಿದಳು. ನಿನ್ನದೆಲ್ಲಾ ನಮ್ಮಪ್ಪನದ್ದು, ಅವನದ್ದು ನಿನ್ನದು ಅಂತ ನೀನು ಮಾತು ಕೊಟ್ಟಿದ್ದೆ ಅಂತ ನೆನಪಿಸಿದಳು. ನಮ್ಮ ನಾಡಲ್ಲಿ ಪರದೇಶಿಯಾಗಿದ್ದಾಗ ನೀನು ನಮ್ಮಪ್ಪನನ್ನ ಅಪ್ಪ ಅಂದೆ, ಈಗ ನಾನು ಪರದೇಶಿ, ನಿನ್ನನ್ನ ಅಪ್ಪ ಅಂತೀನಿ ಅಂದಳು. ನೀನು ರಾಜನ ಮಗಳು, ಹಾಗೆ ಕರೆಯೋದು ಬೇಡ ಅಂದ ಅವನು. ನಮ್ಮ ನಾಡಿಗೆ ಬಂದು ಎಲ್ಲರನ್ನೂ ಹೆದರಿಸೋಕೆ ನಿನಗೆ ಭಯ ಆಗಲಿಲ್ಲ, ಇದಕ್ಕೆ ಭಯವಾ ಅಂತ ಕೇಳಿದಳು. ನೀನು ಸತ್ತೆ ಅಂತ ನಮಗೆ ಹೇಳಿದ್ರು, ನಿಮ್ಮ ಜನ ತುಂಬಾ ಸುಳ್ಳು ಹೇಳ್ತಾರೆ ಅಂತಲೂ ಅಂದಳು.

1617ರ ಮಾರ್ಚ್‌ನಲ್ಲಿ, ಊರಿಗೆ ಹೊರಟ ಹಡಗಿನಿಂದ ಗ್ರೇವ್ಸೆಂಡ್‌ನಲ್ಲಿ ಇಳಿಸಬೇಕಾಯ್ತು. ಅಲ್ಲೇ ತೀರಿಕೊಂಡಳು. ವಯಸ್ಸು ಇಪ್ಪತ್ತು, ಇಪ್ಪತ್ತೊಂದು. ಮುಂದಿನ ವರ್ಷ ಅಪ್ಪನೂ ಹೋದ. 1622ರ ಮಾರ್ಚ್ 22ರಂದು ಒಪೆಚಾಂಕನೋ ವಸಾಹತುಗಳ ಮೇಲೆ ದಾಳಿ ಮಾಡಿಸಿದ, 347 ಇಂಗ್ಲಿಷರು ಸತ್ತರು.

ಇದೆಲ್ಲಾ ಆದ ಮೇಲೆ, 1624ರ ದೊಡ್ಡ ಪುಸ್ತಕದಲ್ಲಿ ದೊಣ್ಣೆಗೆ ಅಡ್ಡ ಬಿದ್ದ ಹುಡುಗಿಯ ಕಥೆ ಬಂತು. 1616ರಲ್ಲೇ ರಾಣಿಗೆ ಪತ್ರದಲ್ಲಿ ಹೇಳಿದ್ದೆ ಅಂತಲೂ ಅದೇ ಪುಸ್ತಕದಲ್ಲಿದೆ. ಅಷ್ಟೊತ್ತಿಗೆ ಆ ರಾಣಿಯೂ ಇರಲಿಲ್ಲ.

ಹಾಗಾದ್ರೆ ಸುಳ್ಳಾ? 1867ರಲ್ಲಿ ಹೆನ್ರಿ ಆ್ಯಡಮ್ಸ್ ಅನ್ನೋ ಅಮೆರಿಕನ್ ಬರಹಗಾರ ಎರಡೂ ಬರಹ ಪಕ್ಕಪಕ್ಕ ಇಟ್ಟು ಹೌದು ಅಂದ. ಕೆಲವರು ಅದು ದತ್ತು ತೆಗೆದುಕೊಳ್ಳೋ ಶಾಸ್ತ್ರ ಇರಬಹುದು, ಸ್ಮಿತ್‌ಗೆ ಅರ್ಥ ಆಗಿಲ್ಲ ಅಂತಾರೆ. ಅವನ ಪರವಾಗಿಯೂ ಒಂದು ಮಾತಿದೆ. 1608ರ ಬರಹ ಅವನ ಗೈರುಹಾಜರಿಯಲ್ಲಿ ಅಚ್ಚಾಗಿದ್ದು, ಸ್ವಲ್ಪ ಭಾಗ ಬಿಟ್ಟಿದ್ದೀವಿ ಅಂತ ಸಂಪಾದಕನೇ ಹೇಳಿದ್ದಾನೆ. ಆದ್ರೆ 1612ರ ಪುಸ್ತಕದಲ್ಲೂ ಅದಿಲ್ಲ. ಮತ್ತೆ 1624ರಲ್ಲೇ ಅವನು ಟರ್ಕಿ, ಫ್ರಾನ್ಸ್, ಎಲ್ಲಾ ಕಡೆ ಒಬ್ಬೊಬ್ಬ ಹೆಣ್ಣು ತನ್ನನ್ನ ಕಾಪಾಡಿದಳು ಅಂತ ಪಟ್ಟಿ ಕೊಡ್ತಾನೆ.

ಬ್ರೆಂಟ್‌ಫರ್ಡ್ ಭೇಟಿಗೂ ಅವನೇ ಸಾಕ್ಷಿ. ಆದ್ರೆ ಅದನ್ನ ನಾನು ಹೆಚ್ಚು ನಂಬ್ತೀನಿ. ಯಾಕಂದ್ರೆ ಅಲ್ಲಿ ಅವನು ಹೀರೋ ಅಲ್ಲ. ತನ್ನನ್ನ ಹೊಗಳಿಕೊಳ್ಳೋಕೆ ಕಟ್ಟಿದ ಕಥೆಯಲ್ಲಿ ಯಾರೂ ಇಂಥ ಮಾತು ಹಾಕಲ್ಲ.

ಭಾಗ 10/10 – ಮ್ಯಾಪು ಈಗ ಯಾರ ಕೈಲಿ

ಸ್ಮಿತ್ 1631ರ ಜೂನ್ 21ರಂದು ಲಂಡನ್ನಿನಲ್ಲಿ ಸತ್ತ. ವಯಸ್ಸು 51, ಮದುವೆ ಇಲ್ಲ, ದೊಡ್ಡ ಆಸ್ತಿ ಇಲ್ಲ. ಸೇಂಟ್ ಸೆಪಲ್ಕರ್ ಚರ್ಚಿನಲ್ಲಿ ಮಣ್ಣು ಮಾಡಿದರು. ಕೊನೇ ವರ್ಷಗಳಲ್ಲಿ ಅವನಿಗೆ ಉಳಿದಿದ್ದು ಬರೆಯೋದೊಂದೇ. ಹುಟ್ಟಿನಿಂದ ಸಿಗದ ಜಾಗವನ್ನ ಕತ್ತಿಯಿಂದ ತಗೊಳ್ಳೋಕೆ ನೋಡಿದ, ಆಗಲಿಲ್ಲ, ಪುಸ್ತಕದಿಂದ ತಗೊಂಡ. ಆ ಮಟ್ಟಿಗೆ ನನಗೆ ಅವನ ಮೇಲೆ ಪಾಪ ಅನ್ಸತ್ತೆ. ಆದ್ರೆ ಬರೆಯೋ ಅವಕಾಶ ಸಿಗದವರ ಕಥೆಯೂ ಅವನ ಕೈಗೇ ಹೋಯ್ತು. ವಾಹುನ್ಸೆನಾಕಾ, ಒಪೆಚಾಂಕನೋ, ಆ ಹುಡುಗಿ, ಇವರೆಲ್ಲ ಮಾತಾಡೋದು ನಮಗೆ ಕೇಳಿಸೋದು ಅವರನ್ನ ಗೆಲ್ಲೋಕೆ ಬಂದವರ ಪುಸ್ತಕಗಳ ಮೂಲಕ.

ಆದ್ರೆ ಕಥೆ ಅಲ್ಲಿಗೆ ಮುಗಿಯಲ್ಲ. ಆ ಬುಡಕಟ್ಟುಗಳು ಅಳಿದುಹೋಗಿಲ್ಲ. 2015ರಲ್ಲಿ ಪಮಂಕಿ ಬುಡಕಟ್ಟಿಗೆ ಮಾನ್ಯತೆ ಕೊಡೋಕೆ ಅಮೆರಿಕ ಸರ್ಕಾರ ತೀರ್ಮಾನಿಸಿತು. 2018ರಲ್ಲಿ ಚಿಕಹಾಮಿನಿ, ರಪಹಾನಕ್ ಸೇರಿ ವರ್ಜೀನಿಯಾದ ಇನ್ನೂ ಆರು ಬುಡಕಟ್ಟುಗಳಿಗೆ ಕಾನೂನಿನ ಮೂಲಕ ಮಾನ್ಯತೆ ಬಂತು.

2022ರಲ್ಲಿ ರಪಹಾನಕ್ ಜನ ತಮ್ಮ ಹೆಸರಿನ ನದಿಯ ದಂಡೆಯಲ್ಲಿ, ಫೋನ್ಸ್ ಕ್ಲಿಫ್ಸ್ ಅನ್ನೋ ಬಂಡೆಗಳ ಮೇಲಿನ 465 ಎಕರೆ ಜಮೀನು ವಾಪಸ್ ಪಡೆದರು. ಅಲ್ಲಿ ಅವರ ಊರುಗಳಿದ್ದವು ಅನ್ನೋದಕ್ಕೆ ಬರಹದ ಆಧಾರ ಏನು ಗೊತ್ತಾ? ಜಾನ್ ಸ್ಮಿತ್‌ನ ಮ್ಯಾಪು. 1608ರಲ್ಲಿ ಅವನ ದೋಣಿ ಆ ಬಂಡೆಗಳ ಕೆಳಗೆ ಹಾದು ಹೋದಾಗ ಅವರ ಪೂರ್ವಜರು ಮೇಲಿಂದ ಬಾಣ ಬಿಟ್ಟಿದ್ದರು. ನೆಲ ಹಿಡಿಯೋರಿಗೆ ದಾರಿ ತೋರಿಸೋಕೆ ಮಾಡಿದ ಮ್ಯಾಪು, ನಾನೂರು ವರ್ಷ ಆದ ಮೇಲೆ ನೆಲ ಕಳೆದುಕೊಂಡವರ ಪರವಾಗಿ ಸಾಕ್ಷಿ ಹೇಳ್ತಿದೆ. ಅದಕ್ಕೆ ಆ ಶಕ್ತಿ ಬಂದಿದ್ದು ಅವನು ಅಲ್ಲಿ ಪ್ರಾಮಾಣಿಕವಾಗಿ ಗುರುತು ಹಾಕಿದ್ದರಿಂದ.

ತನ್ನ ಬದುಕಿನ ಕಥೆಯಲ್ಲಿ ಸ್ಮಿತ್ ಆ ಗುರುತು ಹಾಕಲಿಲ್ಲ. ಅದನ್ನ ಓದೋವಾಗ ನಾವೇ ಹಾಕಿಕೊಳ್ಳಬೇಕು. ಇಲ್ಲಿವರೆಗೆ ಬೇರೆ ಆಧಾರ ಇದೆ, ಇಲ್ಲಿಂದಾಚೆಗೆ ಅವನೊಬ್ಬನ ಮಾತು. ಪಾಠಪುಸ್ತಕ, ಸಿನಿಮಾ, ವಾಟ್ಸಾಪ್‌ನಲ್ಲಿ ಬರೋ 'ನಿಜವಾದ ಇತಿಹಾಸ', ನನ್ನ ಈ ಪೋಸ್ಟ್ ಕೂಡ, ಎಲ್ಲಕ್ಕೂ ಇದೇ ಪ್ರಶ್ನೆ ಕೇಳಿ: ಇದನ್ನ ನೋಡಿದವರು ಯಾರು, ಯಾವಾಗ ಬರೆದರು, ಎದುರು ಮಾತಾಡೋಕೆ ಆಗ ಯಾರಿದ್ದರು?

ಪೂರ್ತಿ ಓದಿದ್ರೆ ಕಾಮೆಂಟ್‌ನಲ್ಲಿ ಹೇಳಿ: ದೊಣ್ಣೆಯ ಕಥೆಯನ್ನ ನೀವು ಶಿಲುಬೆ ಗುರುತಿನ ಈ ಕಡೆ ಇಡ್ತೀರಾ, ಆ ಕಡೆನಾ? ಯಾಕೆ ಅಂತಲೂ ಬರೀರಿ. ಪರೀಕ್ಷೆಗೆ ಓದ್ತಿರೋ ಫ್ರೆಂಡ್ಸ್‌ಗೆ ಕಳಿಸಿ, ಸೇವ್ ಮಾಡ್ಕೊಳ್ಳಿ.

#ಇತಿಹಾಸ #ಕನ್ನಡದಲ್ಲಿಇತಿಹಾಸ #ಜಾನ್‌ಸ್ಮಿತ್ #ಪೊಕಹಾಂಟಸ್ #ವಸಾಹತುಶಾಹಿ